ಒಂದೇ ಒಂದು ಥ್ರಿಪ್ಸ್‌ನಿಂದ ಡಿಎನ್‌ಎ: ಮಿಲಿಮೀಟರ್ ಗಾತ್ರದ ಕೀಟವನ್ನು ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸುವ ಬಗೆ

ಮೆಣಸಿನಕಾಯಿ ಗಿಡದ ಹೂವಿನಲ್ಲಿ ಸಿಕ್ಕ, ರಸ ಹೀರುವ ಪುಟ್ಟ ಕೀಟವಾದ ಒಂದು ಥ್ರಿಪ್ಸ್‌ನಿಂದ ಡಿಎನ್‌ಎ ತೆಗೆಯಲು ಸಾಧ್ಯವೇ? ಎಷ್ಟು ಕೀಟಗಳನ್ನು ಒಟ್ಟಿಗೆ ಅರೆಯಬೇಕು? ಡಿಎನ್‌ಎ ತೆಗೆಯುವ ಕಿಟ್‌ನ ಕೈಪಿಡಿಯಲ್ಲಿ ಇದ್ದಂತೆಯೇ ಮಾಡಿದರೂ ಕೊನೆಗೆ ಏನೂ ಸಿಗಲಿಲ್ಲ, ಏಕೆ? ಕೃಷಿ ಕೀಟಶಾಸ್ತ್ರದ ವಿದ್ಯಾರ್ಥಿಗಳು, ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಸಂಶೋಧನಾ ಸಹಾಯಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಇಂಗ್ಲಿಷಿನ ಕೈಪಿಡಿಗಳು ಇಲಿಯ ಯಕೃತ್ತಿನ ಚೂರನ್ನೋ ರಕ್ತವನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮಿಲಿಮೀಟರ್ ಉದ್ದದ ಕೀಟದ ಡಿಎನ್‌ಎಯನ್ನು ಸೀಕ್ವೆನ್ಸಿಂಗ್‌ಗೆ, ಅಂದರೆ ಅದರ ಅಕ್ಷರಗಳ ಕ್ರಮವನ್ನು ಯಂತ್ರದಲ್ಲಿ ಓದಿಸಲು, ಸಿದ್ಧಪಡಿಸುವಂತೆ ಅವನ್ನು ಹೊಂದಿಸಿಕೊಳ್ಳುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಉದಾಹರಣೆಗೆ ಥ್ರಿಪ್ಸ್ ಅನ್ನೇ ತೆಗೆದುಕೊಳ್ಳೋಣ. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಪ್ರಭೇದ ಭಾರತದಲ್ಲಿ ಮೊದಲು ದಾಖಲಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿಯ ಮೇಲೆ. 2021ರ ಹಂಗಾಮಿನಲ್ಲಿ ಅದು ಆಂಧ್ರ, ತೆಲಂಗಾಣ ಮತ್ತು ಕರ್ನಾಟಕದ ಮೆಣಸಿನಕಾಯಿ ಹೊಲಗಳಿಗೆ ನುಗ್ಗಿ ಹೂವುಗಳನ್ನೇ ಉದುರಿಸಿತು. ಒಂದೇ ಹೂವಿನೊಳಗೆ ಈ ಹೊಸ ಥ್ರಿಪ್ಸ್ ಜೊತೆಗೆ ಸಿರ್ಟೋಥ್ರಿಪ್ಸ್ ಡೋರ್ಸಾಲಿಸ್, ಫ್ರಾಂಕ್ಲಿನಿಯೆಲ್ಲಾ ಶುಲ್ಟ್ಜೈ ಎಂಬ ಬೇರೆ ಥ್ರಿಪ್ಸ್ ಪ್ರಭೇದಗಳೂ ಇರಬಹುದು. ಮರಿಗಳನ್ನು ನೋಡಿ ಪ್ರಭೇದ ಹೇಳುವುದು ಪರಿಣತರಿಗೂ ಕಷ್ಟ. ಡಿಎನ್‌ಎ ಬೇಕಾಗುವುದು ಇಲ್ಲಿಯೇ. ಬಿಳಿನೊಣ, ಸಸ್ಯಹೇನು, ಮೊಟ್ಟೆಗಳ ಮೇಲೆ ಬದುಕುವ ಪರತಂತ್ರ ಕಣಜಗಳಿಗೂ ಈ ವಿಧಾನವನ್ನು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಬಳಸಬಹುದು.

ಮೊದಲು ಒಂದು ಲೆಕ್ಕ

ಥ್ರಿಪ್ಸ್ ಜಾತಿಯ ಕೀಟಗಳಲ್ಲಿ ಚೆನ್ನಾಗಿ ಅಧ್ಯಯನಗೊಂಡ ಫ್ರಾಂಕ್ಲಿನಿಯೆಲ್ಲಾ ಆಕ್ಸಿಡೆಂಟಾಲಿಸ್‌ನ ಜೀನೋಮ್, ಅಂದರೆ ಒಂದು ಸಂಪೂರ್ಣ ವಂಶವಾಹಿ ಪ್ರತಿ, ಸುಮಾರು 40 ಕೋಟಿ ಬೇಸ್‌ ಜೋಡಿಗಳಷ್ಟಿದೆ (ಬೇಸ್ ಜೋಡಿ ಎಂದರೆ ಡಿಎನ್‌ಎಯ ಒಂದು ಅಕ್ಷರ ಮತ್ತು ಎದುರಿನ ಎಳೆಯಲ್ಲಿರುವ ಅದರ ಜೊತೆ). ಒಂದು ಪಿಕೋಗ್ರಾಂ ಡಿಎನ್‌ಎಯಲ್ಲಿ ಸುಮಾರು 98 ಕೋಟಿ ಬೇಸ್ ಜೋಡಿಗಳಿರುತ್ತವೆ. ಹೀಗಾಗಿ ಎರಡು ಪ್ರತಿಗಳಿರುವ ಒಂದು ಜೀವಕೋಶದಲ್ಲಿ ಸಿಗುವುದು 0.8 ಪಿಕೋಗ್ರಾಂ. ಕೀಟದಲ್ಲಿ ಹತ್ತು ಸಾವಿರ ಜೀವಕೋಶಗಳಿವೆ ಎಂದುಕೊಂಡರೆ ಒಟ್ಟು 8 ನ್ಯಾನೋಗ್ರಾಂ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೋಗ್ರಾಂ. ಸಾಮಾನ್ಯ ಕಿಟ್‌ಗಳು 25 ಮಿಲಿಗ್ರಾಂ ಅಂಗಾಂಶದಿಂದ ಹಲವು ಮೈಕ್ರೋಗ್ರಾಂ ಡಿಎನ್‌ಎ ತೆಗೆಯಲು ರೂಪಿಸಿದವು. ನಮ್ಮ ಕೈಯಲ್ಲಿರುವುದು ಅದರ ಸಾವಿರದಲ್ಲೊಂದು ಪಾಲೂ ಅಲ್ಲ.

ಇನ್ನೊಂದು ಸಂಗತಿ: ಥ್ರಿಪ್ಸ್, ಬಿಳಿನೊಣ ಮತ್ತು ಕಣಜಗಳಲ್ಲಿ ಗಂಡು ಹುಟ್ಟುವುದು ಫಲಿತಗೊಳ್ಳದ ಮೊಟ್ಟೆಯಿಂದ. ಅದರ ಜೀವಕೋಶಗಳಲ್ಲಿ ಮೂಲತಃ ಒಂದೇ ಪ್ರತಿ ಜೀನೋಮ್ ಇರುತ್ತದೆ. ಜೀನೋಮ್ ಜೋಡಿಸುವವರಿಗೆ ಇದು ವರ, ಏಕೆಂದರೆ ಎರಡು ಪ್ರತಿಗಳ ವ್ಯತ್ಯಾಸಗಳ ಗೊಂದಲವಿಲ್ಲ. ಆದರೆ ಗಂಡು ಗಾತ್ರದಲ್ಲೂ ಚಿಕ್ಕದು, ಕೈಗೆ ಬರುವ ಡಿಎನ್‌ಎಯೂ ಕಡಿಮೆ. ಥ್ರಿಪ್ಸ್ ಮೊಟ್ಟೆಗಳಲ್ಲಿ ಬೆಳೆಯುವ ಮೆಗಾಫ್ರಾಗ್ಮಾ ಎಂಬ 0.2 ಮಿಲಿಮೀಟರ್ ಕಣಜದಲ್ಲಂತೂ ವಯಸ್ಕ ಹಂತಕ್ಕೆ ಬರುವಾಗ ಬಹುಪಾಲು ನರಕೋಶಗಳು ತಮ್ಮ ಕೋಶಕೇಂದ್ರವನ್ನೇ ಕಳೆದುಕೊಳ್ಳುತ್ತವೆ ಎಂದು 2012ರಲ್ಲಿ ತಿಳಿಯಿತು. ಕೋಶಕೇಂದ್ರ ಹೋದರೆ ಅದರೊಳಗಿನ ಡಿಎನ್‌ಎಯೂ ಹೋದಂತೆಯೇ. ಅಂಥ ಕೀಟದ ಪೂರ್ಣ ಜೀನೋಮ್ ಬೇಕಿದ್ದರೆ ಪ್ಯೂಪಾ ಹಂತದಲ್ಲೇ ಹಿಡಿಯುವುದು ಜಾಣತನ.

1. ಏನು ಬೇಕೆಂದು ಮೊದಲೇ ತೀರ್ಮಾನಿಸಿ

ಪ್ರಭೇದ ಗುರುತಿಸುವುದಷ್ಟೇ ಉದ್ದೇಶವೇ? ಹಾಗಿದ್ದರೆ ನಿಮಗೆ ಬೇಕಿರುವುದು ಬಾರ್‌ಕೋಡಿಂಗ್. ಮೈಟೋಕಾಂಡ್ರಿಯದ ಸಿಒಐ ಎಂಬ ವಂಶವಾಹಿಯ 658 ಬೇಸ್‌ ಜೋಡಿಗಳ ತುಣುಕನ್ನು ಓದಿ, ಗೊತ್ತಿರುವ ಪ್ರಭೇದಗಳ ತುಣುಕುಗಳೊಂದಿಗೆ ಹೋಲಿಸುವ ವಿಧಾನವಿದು. ಒಂದು ಜೀವಕೋಶದಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎ ನೂರಾರು ಪ್ರತಿಗಳಲ್ಲಿ ಇರುವುದರಿಂದ ಒಂದು ಕೀಟ ಧಾರಾಳವಾಗಿ ಸಾಕು. ಅರ್ಧ ಕೀಟವೂ ಸಾಕು.

ಪೂರ್ಣ ಜೀನೋಮ್ ಬೇಕಿದ್ದರೆ ಸಂಗ್ರಹದಿಂದ ಹಿಡಿದು ಎಲ್ಲವೂ ಬೇರೆ. ಕೀಟ ಹಿಡಿದ ಮೇಲೆ ಮನಸ್ಸು ಬದಲಾಯಿಸಿದರೆ ಮತ್ತೆ ಹೊಲಕ್ಕೆ ಹೋಗಬೇಕಾಗುತ್ತದೆ.

2. ಕೈಯಲ್ಲಿರಬೇಕಾದ ಸಾಮಾನು

ಒಳ್ಳೆಯ ಸ್ಟೀರಿಯೋ ಮೈಕ್ರೋಸ್ಕೋಪ್, 000 ಸಂಖ್ಯೆಯ ಚಿತ್ರ ಬರೆಯುವ ಕುಂಚ, ಅತಿ ಸಣ್ಣ ಕೀಟ ಚುಚ್ಚುವ ಪಿನ್ನು, 0.2 ಮಿಲಿಲೀಟರ್ ಪಿಸಿಆರ್ ಟ್ಯೂಬುಗಳು (ಪಿಸಿಆರ್ ಎಂದರೆ ಡಿಎನ್‌ಎಯ ಬೇಕಾದ ತುಣುಕನ್ನು ಕಿಣ್ವದಿಂದ ಮತ್ತೆ ಮತ್ತೆ ನಕಲು ಮಾಡುವ ವಿಧಾನ), ಡಿಎನ್‌ಎ ಅಂಟಿಕೊಳ್ಳದಂತೆ ತಯಾರಿಸಿದ 1.5 ಮಿಲಿಲೀಟರ್ ಟ್ಯೂಬುಗಳು, ಫಿಲ್ಟರ್ ಇರುವ ಟಿಪ್‌ಗಳು, ಪ್ರೋಟೀನೇಸ್ ಕೆ ಎಂಬ ಪ್ರೋಟೀನ್ ಕರಗಿಸುವ ಕಿಣ್ವ, ಕಿಟ್‌ನ ಬಫರುಗಳು, ಶುದ್ಧ ಎಥನಾಲ್. ಅಂಟಿಕೊಳ್ಳದ ಟ್ಯೂಬಿಗೆ ಹಣ ಏಕೆ ಎಂದು ಕೇಳುವವರಿದ್ದಾರೆ. ಮೈಕ್ರೋಗ್ರಾಂಗಟ್ಟಲೆ ಡಿಎನ್‌ಎ ಇದ್ದಾಗ ಟ್ಯೂಬಿನ ಗೋಡೆಗೆ ಹತ್ತುವ ಕೆಲವು ನ್ಯಾನೋಗ್ರಾಂ ಲೆಕ್ಕಕ್ಕಿಲ್ಲ. ನಿಮ್ಮ ಬಳಿ ಇರುವುದೇ ಕೆಲವು ನ್ಯಾನೋಗ್ರಾಂ.

3. ಹೊಲದಲ್ಲಿ ಸಂಗ್ರಹ

ಬಹುಪಾಲು ಮಾದರಿಗಳು ಹಾಳಾಗುವುದು ಇಲ್ಲಿ, ಪ್ರಯೋಗಾಲಯಕ್ಕೆ ಬರುವ ಮೊದಲೇ.

ಥ್ರಿಪ್ಸ್ ವರ್ಗೀಕರಣ ಮಾಡುವವರು ಸಾಂಪ್ರದಾಯಿಕವಾಗಿ ಬಳಸುವ ದ್ರಾವಣ ಎಜಿಎ: ಹತ್ತು ಪಾಲು ಶೇ 60ರ ಎಥನಾಲ್, ಒಂದು ಪಾಲು ಗ್ಲಿಸರಿನ್, ಒಂದು ಪಾಲು ಅಸಿಟಿಕ್ ಆಮ್ಲ. ಇದರಲ್ಲಿ ಕೀಟದ ದೇಹ ಮೃದುವಾಗಿ, ರೆಕ್ಕೆಗಳು ಹರಡಿಕೊಂಡು ಉಳಿಯುತ್ತವೆ. ಆದರೆ ಆಮ್ಲ ಡಿಎನ್‌ಎಯನ್ನು ತುಂಡರಿಸುತ್ತದೆ. ಆದ್ದರಿಂದ ಎರಡು ಟ್ಯೂಬು ಒಯ್ಯಿರಿ. ಒಂದರಲ್ಲಿ ಎಜಿಎ, ಇನ್ನೊಂದರಲ್ಲಿ ಶೇ 95ಕ್ಕಿಂತ ಹೆಚ್ಚಿನ ಎಥನಾಲ್. ಒಂದೇ ಹೂವಿನ ಕೀಟಗಳನ್ನು ಎರಡಕ್ಕೂ ಹಂಚಿ. ಫಾರ್ಮಲಿನ್ ಬೇಡವೇ ಬೇಡ. ಬಣ್ಣ ಬೆರೆಸಿದ ಸ್ಪಿರಿಟ್ ಕೂಡ ಬೇಡ. ಕೀಟ ಸಾಯಿಸುವ ಬಾಟಲಿಗೆ ಎಥೈಲ್ ಅಸಿಟೇಟ್ ಹಾಕುವ ಅಭ್ಯಾಸವಿದ್ದರೆ ಡಿಎನ್‌ಎ ಮಾದರಿಗೆ ಅದನ್ನು ಬಿಡಿ.

ಹೂವನ್ನು ಇಡಿಯಾಗಿ ಎಥನಾಲ್‌ಗೆ ಹಾಕಬೇಡಿ. ಗಿಡದ ನೀರು ಇಳಿದು ಎಥನಾಲ್ ತೆಳುವಾಗುತ್ತದೆ, ಗಿಡದ ಬಣ್ಣದ ವಸ್ತುಗಳು ಕೀಟದೊಳಗೆ ಸೇರಿ ಮುಂದೆ ಪಿಸಿಆರ್‌ಗೆ ಅಡ್ಡಿ ಮಾಡುತ್ತವೆ. ಬಿಳಿ ಹಾಳೆಯ ಮೇಲೆ ಹೂವನ್ನು ತಟ್ಟಿ, ಎಥನಾಲ್‌ನಲ್ಲಿ ಅದ್ದಿದ ಕುಂಚದ ತುದಿಯಿಂದ ಕೀಟವನ್ನು ಎತ್ತಿ ಟ್ಯೂಬಿಗೆ ಬಿಡಿ. ಮರುದಿನ ಎಥನಾಲ್ ಬದಲಿಸಿ ಮೈನಸ್ 20 ಡಿಗ್ರಿಯಲ್ಲಿಡಿ.

ಚೀಟಿಯನ್ನು ಪೆನ್ಸಿಲಿನಿಂದ ಬರೆದು ಟ್ಯೂಬಿನ ಒಳಗೇ ಹಾಕಿ: ಊರು, ಬೆಳೆ, ದಿನಾಂಕ, ಹಿಡಿದವರ ಹೆಸರು. ಬಾಲ್‌ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗುತ್ತದೆ. ಹೊರಗೆ ಮಾರ್ಕರಿನಲ್ಲಿ ಬರೆದದ್ದು ಒಂದು ಹನಿ ಎಥನಾಲ್ ಸೋರಿದರೂ ಅಳಿಸಿಹೋಗುತ್ತದೆ.

ಉದ್ದನೆಯ ತುಣುಕುಗಳನ್ನು ಓದುವ ಸೀಕ್ವೆನ್ಸಿಂಗ್ ನಿಮ್ಮ ಗುರಿಯಾಗಿದ್ದರೆ ಜೀವಂತ ಕೀಟವನ್ನೇ ದ್ರವ ಸಾರಜನಕದಲ್ಲಿ ಹಿಮಗಟ್ಟಿಸಿ ಮೈನಸ್ 80ರಲ್ಲಿಡುವುದು ಉತ್ತಮ. ಹಾಗೆಂದು ಎಥನಾಲ್ ಮಾದರಿಗಳ ಬಗ್ಗೆ ನಿರಾಶೆ ಬೇಡ. ಎಥನಾಲ್‌ನಲ್ಲಿಟ್ಟ ಕೊಲೆಂಬೊಲಾಗಳ, ಅಂದರೆ ಮಣ್ಣಿನಲ್ಲಿರುವ ಪುಟ್ಟ ಜಿಗಿಬಾಲದ ಜೀವಿಗಳ, ಒಂದೊಂದೇ ಮಾದರಿಯಿಂದ ಉತ್ತಮ ಗುಣಮಟ್ಟದ ಜೀನೋಮ್ ಸಿದ್ಧವಾದದ್ದು 2021ರಲ್ಲಿ ಪ್ರಕಟವಾಗಿದೆ.

4. ಒಂದೊಂದನ್ನೇ ನೋಡಿ, ಚಿತ್ರ ತೆಗೆಯಿರಿ

ಹತ್ತು ಕೀಟಗಳನ್ನು ಒಟ್ಟಿಗೆ ಅರೆದರೆ ಡಿಎನ್‌ಎ ಹೆಚ್ಚು ಸಿಗುತ್ತದೆ ಎಂಬುದು ನಿಜ. ಆದರೆ ಮೇಲೆ ಹೇಳಿದಂತೆ ಒಂದೇ ಹೂವಿನಲ್ಲಿ ಮೂರು ಪ್ರಭೇದಗಳು ಇರುವಾಗ ನೀವು ಅರೆದದ್ದು ಯಾವುದನ್ನು? ಸಿರ್ಟೋಥ್ರಿಪ್ಸ್ ಡೋರ್ಸಾಲಿಸ್ ಎಂದು ನಾವು ಕರೆಯುವುದೇ ಹೊರನೋಟಕ್ಕೆ ಒಂದೇ ಎನಿಸುವ ಹಲವು ಪ್ರಭೇದಗಳ ಗುಂಪು. ಒಟ್ಟಿಗೆ ಅರೆಯಲೇಬೇಕೆಂದರೆ ಒಂದೇ ಹೆಣ್ಣಿನ ಸಂತತಿಯನ್ನು ಪ್ರಯೋಗಾಲಯದಲ್ಲಿ ಸಾಕಿ, ಅದನ್ನು ಬಳಸಿ.

ಪ್ರತಿ ಕೀಟಕ್ಕೂ ಒಂದು ಸಂಖ್ಯೆ ಕೊಡಿ. ಬೆನ್ನಿನ ಕಡೆಯಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು ಚಿತ್ರ ತೆಗೆಯಿರಿ. ಬಿಳಿನೊಣದ ಮರಿಗಳನ್ನು ಬಳಸುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ಮರಿಯೊಳಗೆ ಪರತಂತ್ರ ಕಣಜ ಬೆಳೆಯುತ್ತಿದ್ದರೆ ನೀವು ಓದುವುದು ಕಣಜದ ಡಿಎನ್‌ಎಯನ್ನು. ಮರಿಯ ಬಣ್ಣ ಕಪ್ಪಾಗಿದ್ದರೆ, ಒಳಗೆ ಅಸಹಜ ಆಕಾರ ಕಂಡರೆ ಅದನ್ನು ಪಕ್ಕಕ್ಕಿಡಿ.

5. ಅರೆಯಬೇಡಿ, ಚುಚ್ಚಿ

ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೇ. ಕೀಟವನ್ನು ಅರೆದರೆ ಡಿಎನ್‌ಎ ಉಳಿಯುತ್ತದೆ, ಕೀಟ ಇಲ್ಲವಾಗುತ್ತದೆ. ನಾಳೆ ಯಾರಾದರೂ, ‘ಇದು ನಿಜಕ್ಕೂ ಪಾರ್ವಿಸ್ಪೈನಸ್ ಹೌದೇ?’ ಎಂದು ಕೇಳಿದರೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ದತ್ತಾಂಶ ಕೋಶಗಳಲ್ಲಿ ತಪ್ಪು ಹೆಸರಿನಡಿ ಕುಳಿತಿರುವ ಸೀಕ್ವೆನ್ಸ್‌ಗಳನ್ನು ಸರಿಪಡಿಸಲಾಗದೆ ಇರುವುದು ಮುಖ್ಯವಾಗಿ ಈ ಕಾರಣಕ್ಕೆ. ಡಿಎನ್‌ಎ ತೆಗೆದ ನಂತರವೂ ಉಳಿಸಿಕೊಳ್ಳುವ ದೇಹಕ್ಕೆ ವೌಚರ್ ಅಥವಾ ಸಾಕ್ಷಿ ಮಾದರಿ ಎನ್ನುತ್ತಾರೆ. ಅದನ್ನು ಉಳಿಸುವುದು ಕಷ್ಟದ ಕೆಲಸವಲ್ಲ.

ಕೀಟವನ್ನು ಎಥನಾಲ್‌ನಿಂದ ನೇರವಾಗಿ ಬಫರ್‌ಗೆ ಹಾಕಿದರೆ ಅದು ಮೇಲ್ಮೈಯಲ್ಲಿ ಗಿರ್ರನೆ ಸುತ್ತಿ ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದನ್ನು ಹುಡುಕುವುದೇ ಒಂದು ಕೆಲಸ. ಬದಲಾಗಿ ಶೇ 70ರ ಎಥನಾಲ್, ಶೇ 50ರ ಎಥನಾಲ್, ಶುದ್ಧ ನೀರು, ಹೀಗೆ ಒಂದೊಂದರಲ್ಲೂ ಕೆಲವು ನಿಮಿಷ ಇಟ್ಟು ದಾಟಿಸಿ. ದೇಹದಲ್ಲಿ ಉಳಿದ ಎಥನಾಲ್ ಪ್ರೋಟೀನೇಸ್ ಕೆಯ ಕೆಲಸಕ್ಕೆ ಅಡ್ಡಿಯಾಗುವುದೂ ಇದರಿಂದ ತಪ್ಪುತ್ತದೆ. ಗಟ್ಟಿ ಎಥನಾಲ್‌ನಲ್ಲಿದ್ದ ಕೀಟ ಬಿರುಸಾಗಿರುತ್ತದೆ. ಚಿಮಟದಿಂದ ಹಿಡಿದರೆ ಮೀಸೆ ಮುರಿಯುತ್ತದೆ, ಕುಂಚವನ್ನೇ ಬಳಸಿ.

ಈಗ ಮೈಕ್ರೋಸ್ಕೋಪಿನ ಕೆಳಗೆ ಕೀಟವನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೂರನೆಯ ಮತ್ತು ನಾಲ್ಕನೆಯ ಖಂಡಗಳ ನಡುವೆ ಪಿನ್ನಿನ ಮೊನೆಯಿಂದ ಒಂದೇ ಒಂದು ರಂಧ್ರ ಮಾಡಿ. ಪಿನ್ನು ಬೆನ್ನಿನಿಂದ ಹೊರಬರಬಾರದು. ಎಂಟನೆಯ ಖಂಡದ ಹತ್ತಿರ ಹೋಗಬೇಡಿ. ಅದರ ಬೆನ್ನಿನ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳ ಸಾಲು ಇದೆಯೋ ಇಲ್ಲವೋ ಎಂಬುದು ಪ್ರಭೇದ ಗುರುತಿಸಲು ಬೇಕಾದ ಲಕ್ಷಣ. ತಲೆ, ಮೀಸೆ, ಎದೆಯ ರೋಮಗಳೂ ಹಾಗೆಯೇ.

0.2 ಮಿಲಿಲೀಟರ್ ಟ್ಯೂಬಿನಲ್ಲಿ ಕಿಟ್‌ನ ಅಂಗಾಂಶ ಬಫರ್ 90 ಮೈಕ್ರೋಲೀಟರ್, ಪ್ರೋಟೀನೇಸ್ ಕೆ 10 ಮೈಕ್ರೋಲೀಟರ್ ಹಾಕಿ. ಕೈಪಿಡಿ ಹೇಳುವ 180 ಮತ್ತು 20ರ ಅರ್ಧ ಇದು. ಬಫರಿನಲ್ಲಿ ಬಿಳಿ ಹರಳು ಕಂಡರೆ ಮೊದಲು ಬೆಚ್ಚಗೆ ಮಾಡಿ ಕರಗಿಸಿಕೊಳ್ಳಿ. ಕೀಟ ಮುಳುಗಿರುವುದನ್ನು ಕಣ್ಣಾರೆ ನೋಡಿ, 56 ಡಿಗ್ರಿಯಲ್ಲಿ ಮೂರು ಗಂಟೆಯಿಂದ ಇಡೀ ರಾತ್ರಿಯವರೆಗೆ ಇಡಿ. ನೀರಿನ ಬಾತ್‌ಗಿಂತ ಪಿಸಿಆರ್ ಯಂತ್ರ ಮೇಲು. ಅದರ ಮುಚ್ಚಳ ಬಿಸಿಯಿರುವುದರಿಂದ ದ್ರವ ಆವಿಯಾಗಿ ಟ್ಯೂಬಿನ ಮುಚ್ಚಳದಲ್ಲಿ ಹನಿಗಟ್ಟುವುದಿಲ್ಲ. ಟ್ಯೂಬನ್ನು ಜೋರಾಗಿ ಅಲುಗಾಡಿಸಬೇಡಿ.

ಕೀಟವಿಲ್ಲದ ಒಂದು ಟ್ಯೂಬನ್ನೂ ಇದೇ ದ್ರಾವಣ ಹಾಕಿ ಕೊನೆಯವರೆಗೂ ಜೊತೆಗೇ ನಡೆಸಿ. ನ್ಯಾನೋಗ್ರಾಂ ಮಟ್ಟದ ಕೆಲಸದಲ್ಲಿ ಹಿಂದಿನ ದಿನದ ಪ್ರಯೋಗದ ಒಂದು ಕಣ ಡಿಎನ್‌ಎ ಸೇರಿಕೊಂಡರೂ ಫಲಿತಾಂಶ ತಲೆಕೆಳಗಾಗುತ್ತದೆ. ಈ ಖಾಲಿ ಟ್ಯೂಬಿನಲ್ಲೂ ಪಿಸಿಆರ್ ಪಟ್ಟಿ, ಅಂದರೆ ನಕಲಾದ ಡಿಎನ್‌ಎಯ ಗೆರೆ, ಕಂಡರೆ ಆ ದಿನದ ಯಾವ ಮಾದರಿಯನ್ನೂ ನಂಬಬೇಡಿ.

6. ದ್ರವದಿಂದ ಡಿಎನ್‌ಎ ಬೇರ್ಪಡಿಸುವುದು

ದೇಹವನ್ನು ಟ್ಯೂಬಿನಲ್ಲೇ ಬಿಟ್ಟು, ದ್ರವವನ್ನು ಮಾತ್ರ ನಿಧಾನವಾಗಿ ಎಳೆದು ಹೊಸ ಟ್ಯೂಬಿಗೆ ಹಾಕಿ. ಖಾಲಿಯಾದ ಟ್ಯೂಬಿಗೆ ತಕ್ಷಣ ಶೇ 70ರ ಎಥನಾಲ್ ತುಂಬಿ. ದೇಹ ಒಣಗಿದರೆ ಮುದುಡುತ್ತದೆ.

ಸಿಲಿಕಾ ಕಾಲಂ, ಅಂದರೆ ಡಿಎನ್‌ಎ ಅಂಟಿಕೊಳ್ಳುವ ಪೊರೆಯಿರುವ ಪುಟ್ಟ ಕೊಳವೆ, ಬಳಸುವವರು ಉಳಿದ ದ್ರಾವಣಗಳನ್ನೂ ಅದೇ ಅನುಪಾತದಲ್ಲಿ ಅರ್ಧಕ್ಕಿಳಿಸಿ. ಕಾಲಂಗೆ ಹಾಕುವ ಮೊದಲು ಒಂದು ಮೈಕ್ರೋಗ್ರಾಂ ಕ್ಯಾರಿಯರ್ ಆರ್‌ಎನ್‌ಎ ಸೇರಿಸಿ. ಇದು ಕಾಲಂನಲ್ಲಿ ಡಿಎನ್‌ಎಯನ್ನು ಬಿಡದೆ ಹಿಡಿದುಕೊಳ್ಳುವ ಜಾಗಗಳನ್ನು ತಾನು ತುಂಬಿ, ನಿಮ್ಮ ಡಿಎನ್‌ಎ ಕಳೆದುಹೋಗದಂತೆ ನೋಡಿಕೊಳ್ಳುತ್ತದೆ. ತೊಳೆದ ಮೇಲೆ ಕಾಲಂ ಅನ್ನು ಹೊಸ ಟ್ಯೂಬಿನಲ್ಲಿಟ್ಟು ಇನ್ನೊಮ್ಮೆ ಸೆಂಟ್ರಿಫ್ಯೂಜ್ ಮಾಡಿ, ಎಥನಾಲ್ ಪೂರ್ತಿ ಹೋಗಲಿ. ಡಿಎನ್‌ಎಯನ್ನು ಹೊರತೆಗೆಯಲು ಕೈಪಿಡಿ 200 ಮೈಕ್ರೋಲೀಟರ್ ಹೇಳುತ್ತದೆ. ನೀವು 25ರಿಂದ 30 ಮೈಕ್ರೋಲೀಟರ್ ಬೆಚ್ಚಗಿನ ಬಫರನ್ನು ಪೊರೆಯ ನಡುಮಧ್ಯಕ್ಕೆ ಹಾಕಿ, ಐದು ನಿಮಿಷ ಕಾದು, ಇಳಿಸಿ. ಇಳಿದ ದ್ರವವನ್ನೇ ಮತ್ತೆ ಪೊರೆಗೆ ಹಾಕಿ ಇನ್ನೊಮ್ಮೆ ಇಳಿಸಿ. ನೀರಿನ ಬದಲು 10 ಮಿಲಿಮೋಲಾರ್ ಟ್ರಿಸ್, ಪಿಎಚ್ 8ರಿಂದ 8.5, ಬಳಸಿ. ಇಡಿಟಿಎ ಎಂಬ ರಾಸಾಯನಿಕ ಹೆಚ್ಚಿರುವ ಬಫರ್ ಮುಂದೆ ಕಿಣ್ವಗಳಿಗೆ ಬೇಕಾದ ಮೆಗ್ನೀಷಿಯಂ ಅನ್ನು ಹಿಡಿದುಕೊಂಡು ಅವನ್ನು ನಿಲ್ಲಿಸಬಹುದು.

ಬಾರ್‌ಕೋಡಿಂಗ್ ಮಾತ್ರ ಬೇಕಿದ್ದು ಹಣ ಕಡಿಮೆಯಿದ್ದರೆ ಚೆಲೆಕ್ಸ್ ಎಂಬ ರಾಳದ ಕಣಗಳು ಸಾಕು. ಶೇ 5ರ ಚೆಲೆಕ್ಸ್ 50 ಮೈಕ್ರೋಲೀಟರ್, ಪ್ರೋಟೀನೇಸ್ ಕೆ ಸ್ವಲ್ಪ, 56 ಡಿಗ್ರಿಯಲ್ಲಿ ಕೆಲವು ಗಂಟೆ, ನಂತರ 95 ಡಿಗ್ರಿಯಲ್ಲಿ 10 ನಿಮಿಷ. ಮೇಲಿನ ತಿಳಿಯೇ ನಿಮ್ಮ ಡಿಎನ್‌ಎ. ಇದರಲ್ಲಿ ಮೂರು ಕಡೆ ಎಡವುತ್ತಾರೆ. ಚೆಲೆಕ್ಸ್ ಕಣಗಳು ಬೇಗ ತಳ ಸೇರುವುದರಿಂದ ಪ್ರತಿ ಸಲ ಕಲಕಿ, ಅಗಲ ಬಾಯಿಯ ಟಿಪ್‌ನಿಂದ ಹಾಕಬೇಕು. ತಿಳಿ ತೆಗೆಯುವಾಗ ಒಂದು ಕಣ ಬಂದರೂ ಪಿಸಿಆರ್ ನಿಂತುಹೋಗುತ್ತದೆ, ಅದೂ ಮೆಗ್ನೀಷಿಯಂ ನುಂಗುತ್ತದೆ. ಮೂರನೆಯದಾಗಿ, ಕುದಿಸಿದಾಗ ಡಿಎನ್‌ಎಯ ಎರಡು ಎಳೆಗಳು ಬೇರ್ಪಡುತ್ತವೆ. ಪಿಸಿಆರ್‌ಗೆ ತೊಂದರೆಯಿಲ್ಲ, ಆದರೆ ಜೀನೋಮ್ ಲೈಬ್ರರಿಗೆ ಈ ಡಿಎನ್‌ಎ ನಡೆಯುವುದಿಲ್ಲ.

7. ದೇಹವನ್ನು ಸ್ಲೈಡ್ ಮಾಡಿ

ಒಳಗಿನ ಮೃದು ಭಾಗವೆಲ್ಲ ಕರಗಿ ಕೀಟವೀಗ ಗಾಜಿನಂತೆ ಪಾರದರ್ಶಕವಾಗಿರುತ್ತದೆ. ವರ್ಗೀಕರಣಕಾರರು ಸೋಡಿಯಂ ಹೈಡ್ರಾಕ್ಸೈಡ್ ಬಳಸಿ ಮಾಡುವ ಕೆಲಸವನ್ನು ಕಿಣ್ವವೇ ಮುಗಿಸಿದೆ. ಶೇ 70, 80, 95, ಕೊನೆಗೆ ಶುದ್ಧ ಎಥನಾಲ್, ಆಮೇಲೆ ಲವಂಗದ ಎಣ್ಣೆ. ಬಳಿಕ ಕೆನಡಾ ಬಾಲ್ಸಂ ಹನಿಯಲ್ಲಿ ಕೂರಿಸಿ ಮುಚ್ಚುಗಾಜು ಇಡಿ. ಸ್ಲೈಡಿನ ಮೇಲೆ ಡಿಎನ್‌ಎ ಟ್ಯೂಬಿನ ಸಂಖ್ಯೆಯೇ ಇರಲಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೊದಂಥ ಮಾನ್ಯ ಸಂಗ್ರಹಾಲಯಕ್ಕೆ ಅದನ್ನು ಒಪ್ಪಿಸುವ ಬಗ್ಗೆ ನಿಮ್ಮ ಮಾರ್ಗದರ್ಶಕರೊಂದಿಗೆ ಮಾತನಾಡಿ. ನಿಮ್ಮ ಮೇಜಿನ ಡ್ರಾಯರ್ ಸಂಗ್ರಹಾಲಯವಲ್ಲ.

8. ಅಳೆಯುವುದು

ನ್ಯಾನೋಡ್ರಾಪ್ ಮಾದರಿಯ ಯಂತ್ರಗಳು ಬೆಳಕಿನ ಹೀರಿಕೆಯನ್ನು ಅಳೆಯುತ್ತವೆ. ಡಿಎನ್‌ಎ, ಆರ್‌ಎನ್‌ಎ, ಉಳಿದ ಲವಣ, ಎಲ್ಲವೂ ಒಂದೇ ಲೆಕ್ಕಕ್ಕೆ ಬರುತ್ತವೆ. ನೀವು ಕ್ಯಾರಿಯರ್ ಆರ್‌ಎನ್‌ಎ ಹಾಕಿದ್ದರೆ ಅದು ತೋರಿಸುವ ಸಂಖ್ಯೆ ನೋಡಿ ಹಿಗ್ಗಬೇಡಿ. ಎರಡೆಳೆಯ ಡಿಎನ್‌ಎಗೆ ಮಾತ್ರ ಅಂಟಿ ಹೊಳೆಯುವ ಬಣ್ಣ ಬಳಸುವ ಕ್ಯೂಬಿಟ್‌ನಂಥ ಫ್ಲೋರೋಮೀಟರ್ ಅನ್ನೇ, ಅದರಲ್ಲೂ ಹೆಚ್ಚು ಸೂಕ್ಷ್ಮತೆಯ ಕಿಟ್‌ನೊಂದಿಗೆ ಬಳಸಿ. ಚೆಲೆಕ್ಸ್ ಡಿಎನ್‌ಎ ಒಂಟಿ ಎಳೆಯಾದ್ದರಿಂದ ಅಲ್ಲಿ ಕಡಿಮೆ ಅಥವಾ ಸೊನ್ನೆ ತೋರಿಸುತ್ತದೆ. ಅದನ್ನು ನೋಡಿ ಮಾದರಿ ಎಸೆದವರುಂಟು. ಬಾರ್‌ಕೋಡಿಂಗ್‌ಗಾಗಿ ಅಳೆಯುವ ಅಗತ್ಯವೇ ಇಲ್ಲ, ನೇರವಾಗಿ ಪಿಸಿಆರ್ ಮಾಡಿ.

9. ಪಿಸಿಆರ್ ಅಥವಾ ಲೈಬ್ರರಿ

ಬಾರ್‌ಕೋಡಿಂಗ್‌ಗೆ 1994ರಿಂದ ಬಳಕೆಯಲ್ಲಿರುವ ಎಲ್‌ಸಿಒ1490 ಮತ್ತು ಎಚ್‌ಸಿಒ2198 ಪ್ರೈಮರ್‌ ಜೋಡಿಯಿಂದ ಆರಂಭಿಸಿ. ಪ್ರೈಮರ್ ಎಂದರೆ ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತು ಹಾಕುವ ಡಿಎನ್‌ಎಯ ಗಿಡ್ಡ ತುಣುಕು. 25 ಮೈಕ್ರೋಲೀಟರ್ ಮಿಶ್ರಣಕ್ಕೆ 2 ಮೈಕ್ರೋಲೀಟರ್ ಡಿಎನ್‌ಎ, 35ರಿಂದ 40 ಆವರ್ತನೆ. ಪಟ್ಟಿ ಬರದಿದ್ದರೆ ಡಿಎನ್‌ಎ ಹೆಚ್ಚು ಹಾಕುವುದು ಎಲ್ಲರಿಗೂ ತೋಚುವ ದಾರಿ. ಮೊದಲು ಹತ್ತು ಪಟ್ಟು ತೆಳು ಮಾಡಿ ನೋಡಿ, ಬಿಎಸ್‌ಎ ಪ್ರೋಟೀನ್ ಸೇರಿಸಿ ನೋಡಿ. ಗಿಡದ ರಸ ಹೀರುವ ಕೀಟಗಳಲ್ಲಿ ಅಡ್ಡಿಪಡಿಸುವ ವಸ್ತುಗಳೇ ಕಾರಣವಾಗಿರುವುದು ಅಪರೂಪವಲ್ಲ.

ಜೀನೋಮ್‌ಗೆ ಹೋಗುವವರು ಲೈಬ್ರರಿ ಮಾಡಬೇಕು. ಅಂದರೆ ಡಿಎನ್‌ಎಯನ್ನು ತುಣುಕು ಮಾಡಿ, ಯಂತ್ರ ಗುರುತಿಸುವ ಬಾಲಗಳನ್ನು ಎರಡೂ ತುದಿಗೆ ಅಂಟಿಸಬೇಕು. ಕತ್ತರಿಸುವುದನ್ನೂ ಅಂಟಿಸುವುದನ್ನೂ ಒಂದೇ ಕಿಣ್ವದಿಂದ ಮಾಡುವ ಟ್ಯಾಗ್ಮೆಂಟೇಶನ್ ಕಿಟ್‌ಗಳಿಗೆ 1 ನ್ಯಾನೋಗ್ರಾಂ ಸಾಕು. ಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು ಕೇಳುತ್ತವೆ. ಆದ್ದರಿಂದ ಮಾದರಿ ಕಳುಹಿಸುವ ಮೊದಲೇ ಕಡಿಮೆ ಪ್ರಮಾಣದ ವಿಧಾನ ಅವರಲ್ಲಿದೆಯೇ ಎಂದು ಬರಹದಲ್ಲಿ ಕೇಳಿ.

ಇರುವ ಡಿಎನ್‌ಎಯನ್ನು ಫೈ29 ಕಿಣ್ವದಿಂದ ಮೊದಲೇ ಸಾವಿರಾರು ಪಟ್ಟು ಹೆಚ್ಚಿಸಿಕೊಳ್ಳುವ ವಿಧಾನ ಆಕರ್ಷಕವಾಗಿ ಕಾಣುತ್ತದೆ. ಅದು ಕೆಲವು ಭಾಗಗಳನ್ನು ಅತಿಯಾಗಿ, ಕೆಲವನ್ನು ತೀರಾ ಕಡಿಮೆ ನಕಲು ಮಾಡುತ್ತದೆ, ಸಂಬಂಧವಿಲ್ಲದ ತುಣುಕುಗಳನ್ನು ಬೆಸೆಯುತ್ತದೆ, ಸೇರಿಕೊಂಡ ಬ್ಯಾಕ್ಟೀರಿಯಾವನ್ನೂ ಅಷ್ಟೇ ಶ್ರದ್ಧೆಯಿಂದ ಹೆಚ್ಚಿಸುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಿ.

ಮಾದರಿಯನ್ನು ವಿದೇಶಕ್ಕೆ ಕಳುಹಿಸುವುದಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕೇ ಎಂದು ನಿಮ್ಮ ಸಂಸ್ಥೆಯಲ್ಲಿ ಮೊದಲೇ ವಿಚಾರಿಸಿ. ಪಾರ್ಸೆಲ್ ಕಟ್ಟಿದ ಮೇಲೆ ಕೇಳಿದರೆ ತಿಂಗಳುಗಳು ಹೋಗುತ್ತವೆ.

10. ಬಂದ ಸೀಕ್ವೆನ್ಸ್ ನಿಮ್ಮ ಕೀಟದ್ದೇ?

ಸೀಕ್ವೆನ್ಸ್ ಬಂದ ಕೂಡಲೇ ಹೆಸರು ಹಚ್ಚಬೇಡಿ. ಮೊದಲು ಕಚ್ಚಾ ಅಲೆಗಳನ್ನು, ಅಂದರೆ ಪ್ರತಿ ಅಕ್ಷರವನ್ನೂ ಒಂದು ಶಿಖರವಾಗಿ ತೋರಿಸುವ ಯಂತ್ರದ ನಕ್ಷೆಯನ್ನು, ತೆರೆದು ನೋಡಿ. ಒಂದೇ ಸ್ಥಾನದಲ್ಲಿ ಎರಡೆರಡು ಶಿಖರಗಳು ಸಾಲಾಗಿ ಕಂಡರೆ ಎರಡು ಮೂಲದ ಡಿಎನ್‌ಎ ಬೆರೆತಿದೆ. ಮುಂದೆ ಅದನ್ನು ಅಕಶೇರುಕ ಮೈಟೋಕಾಂಡ್ರಿಯದ ಸಂಕೇತ ಪಟ್ಟಿಯಂತೆ ಪ್ರೋಟೀನ್‌ಗೆ ಅನುವಾದಿಸಿ. ನಡುವೆ ನಿಲುಗಡೆಯ ಸಂಕೇತ ಬಂದರೆ ನೀವು ಓದಿರುವುದು ಕೋಶಕೇಂದ್ರದೊಳಗೆ ಎಂದೋ ಸೇರಿ ಕೆಟ್ಟುಹೋದ ಮೈಟೋಕಾಂಡ್ರಿಯ ತುಣುಕಿರಬಹುದು. ಇಂಥ ತುಣುಕಿಗೆ ನುಮ್ಟ್ ಎನ್ನುತ್ತಾರೆ. ಕೀಟಗಳ ದೇಹದಲ್ಲಿ ವಾಸಿಸುವ ವೊಲ್‌ಬಾಕಿಯಾ ಬ್ಯಾಕ್ಟೀರಿಯಾಕ್ಕೂ ಇದೇ ಬಗೆಯ ವಂಶವಾಹಿ ಇದೆ, ಈ ಪ್ರೈಮರ್‌ಗಳು ಅದನ್ನೂ ಹಿಡಿಯುವುದುಂಟು. ಕೀಟದ್ದೆಂದು ದತ್ತಾಂಶ ಕೋಶಕ್ಕೆ ಸೇರಿದ್ದ ಸೀಕ್ವೆನ್ಸ್‌ಗಳಲ್ಲಿ ವೊಲ್‌ಬಾಕಿಯಾದವು ಪತ್ತೆಯಾಗಿವೆ.

ದತ್ತಾಂಶ ಕೋಶದ ಸೀಕ್ವೆನ್ಸ್‌ಗಳೊಂದಿಗಿನ ಹೋಲಿಕೆಯಲ್ಲಿ ಮೊದಲ ಸಾಲಿಗೆ ಬಂದ ಹೆಸರನ್ನೇ ಬರೆದುಕೊಳ್ಳುವ ಬದಲು, ಮೊದಲ ಇಪ್ಪತ್ತು ಸಾಲುಗಳನ್ನು ನೋಡಿ. ಅಲ್ಲಿ ಎರಡು ಬೇರೆ ಹೆಸರುಗಳು ಒಂದೇ ಶೇಕಡಾವಾರು ಹೋಲಿಕೆಯೊಂದಿಗೆ ಕಂಡರೆ ಏಳನೆಯ ಹಂತದ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಏರಿಸಿ, ಥ್ರಿಪ್ಸ್ ಬಲ್ಲವರೊಬ್ಬರಿಗೆ ತೋರಿಸಿ. ಸೀಕ್ವೆನ್ಸ್ ಅನ್ನು ದತ್ತಾಂಶ ಕೋಶಕ್ಕೆ ಸಲ್ಲಿಸುವಾಗ ಸ್ಲೈಡಿನ ಸಂಖ್ಯೆ, ಅದಿರುವ ಸಂಗ್ರಹಾಲಯ, ಹಿಡಿದ ಊರು, ಬೆಳೆ ಮತ್ತು ದಿನಾಂಕವನ್ನು ತಪ್ಪದೆ ತುಂಬಿ.